ಕಂಬಳಿ ಹೊದ್ದು ಕಿಡಿ ನೋಡುತ್ತಿದ್ದವರು

ಅವರು ತೀರಿಕೊಂಡ ದಿನ ನನ್ನ ಫೋನಿಗೆ ಪುರುಸೊತ್ತೇ ಇರಲಿಲ್ಲ. ಇಂಡಿಯಿಂದ, ಸಿಂದಗಿಯಿಂದ, ಮುದ್ದೇಬಿಹಾಳದಿಂದ ಪರಿಚಯದವರೆಲ್ಲ ಫೋನ್ ಮಾಡಿ ನನಗೆ ಸಮಾಧಾನ ಹೇಳಿದರು. "ನಿಮ್ಮ ಕಾಕಾ ಹೋದ್ರಂತಲ್ರಿ. ಗುರು ಇದ್ದಂಗಿದ್ರು ನಿಮಗ. ಧೈರ್ಯ ತಗೋರಿ." ನಾನು ಎಲ್ಲರಿಗೂ ಹೂಂ ಅಂದೆ. ಸಾವಿನ ಸುದ್ದಿ ಬಂದ ದಿನ ಬೇರೆ ಏನು ಅನ್ನಲಿಕ್ಕಾಗುತ್ತದೆ? ಆದರೆ ಇಲ್ಲಿ ಬರೆದಿಡುತ್ತೇನೆ: ಅವರು ನನ್ನ ಗುರುಗಳಲ್ಲ. ಒಂದು ನಟ್ಟು ಬಿಗಿಯುವುದನ್ನೂ ಅವರು ನನಗೆ ಕಲಿಸಿದವರಲ್ಲ. ನಾನು ಐಟಿಐ ಪಾಸಾದವನು. ಇಂಡಿ ಊರಿನ ನನ್ನ ಮನೆ ಬಿಟ್ಟು ಸಿಂದಗಿಯ ಗ್ಯಾರೇಜೊಂದರಲ್ಲಿ ಹನ್ನೊಂದು ವರ್ಷ ಕೈ ಕರಿ ಮಾಡಿಕೊಂಡವನು. ಆಮೇಲೆ ಬಸವನ ಬಾಗೇವಾಡಿಗೆ ಬಂದು ಸ್ವಂತ ಬೋರ್ಡು ಹಾಕಿದವನು. ಅವರ ಮೇಲೆ ನನಗಿದ್ದದ್ದು ಭಕ್ತಿಯಲ್ಲ, ಹೊಟ್ಟೆಕಿಚ್ಚು. ಏಳು ವರ್ಷ ಒಂದು ದಿನವೂ ಆರದ ಹೊಟ್ಟೆಕಿಚ್ಚು.

ಊರೆಲ್ಲ ಅವರನ್ನು ಕಾಕಾ ಅನ್ನುತ್ತಿತ್ತು, ನಾನೂ ಹಾಗೇ ಅನ್ನುತ್ತಿದ್ದೆ. ಆಲಮಟ್ಟಿಯ ಆಣೆಕಟ್ಟಿನ ಕೆಲಸದಲ್ಲಿ ಜೀಪು, ಲಾರಿಗಳನ್ನು ರಿಪೇರಿ ಮಾಡುತ್ತ ನಿವೃತ್ತರಾದವರು. ಮುದ್ದೇಬಿಹಾಳ ರಸ್ತೆಗೆ ಅವರ ಮನೆ, ಮನೆಯ ಮುಂದೆ ಬೇವಿನ ಗಿಡ, ಗಿಡದ ಬುಡಕ್ಕೆ ಒಂದು ಹಾಸುಗಲ್ಲು. ಅಷ್ಟೇ ಅವರ ಗ್ಯಾರೇಜು. ಬಿಸ್ಕೀಟಿನ ಹಳೇ ಡಬ್ಬಿಯಲ್ಲಿ ನಟ್ಟು ಬಿಚ್ಚುವ ನಾಲ್ಕು ಪಾನಾ, ಒಂದು ಇಕ್ಕಳ, ಉಜ್ಜುವ ಕಾಗದ, ಸೈಕಲ್ ಟ್ಯೂಬಿನ ತುಂಡುಗಳು. ಬೆಳಗಿನ ಪೂಜೆ ಮುಗಿಸಿ, ಹಣೆಯ ಮೇಲೆ ಮಾಧ್ವರ ಕಪ್ಪು ಅಂಗಾರದ ಗೆರೆ, ಅದರ ಕೆಳಗೆ ಕೆಂಪು ಅಕ್ಷತೆ ಇಟ್ಟುಕೊಂಡು ಬಂದು ಕಲ್ಲಿನ ಮೇಲೆ ಕೂತರೆಂದರೆ, ಮದುವೆ ಮಾಡಿಸಲು ಬಂದ ಭಟ್ಟರೋ ಮೆಕ್ಯಾನಿಕ್ಕೋ ಎಂದು ಹೊಸಬರಿಗೆ ಅನುಮಾನ ಬರುತ್ತಿತ್ತು. ಮನೆಯೊಳಗೆ ಹೆಂಡತಿಯ ಜೊತೆ ಮರಾಠಿ, ಹೊರಗೆ ಗಾಡಿಗಳ ಜೊತೆ ಕನ್ನಡ. ಹೌದು, ಗಾಡಿಗಳ ಜೊತೆ ಮಾತಾಡುತ್ತಿದ್ದರು.

ನನ್ನ ಗ್ಯಾರೇಜಿನ ಬಾಗಿಲಲ್ಲಿ ನಿಂತರೆ ಆ ಗಿಡ ಕಾಣುತ್ತಿತ್ತು. ಜಾಗ ಹಿಡಿಯುವಾಗ ಅದನ್ನು ನಾನು ಗಮನಿಸಿರಲಿಲ್ಲ. ಮೊದಲ ತಿಂಗಳಲ್ಲೇ ಗಮನಿಸುವಂತಾಯಿತು.

ನಮ್ಮ ಭಾಗದಲ್ಲಿ ಇಪ್ಪತ್ತು ವರ್ಷ ದಾಟಿದ ಸಣ್ಣ ಕಾರುಗಳು ಆಗ ಇನ್ನೂ ಬಹಳ ಓಡುತ್ತಿದ್ದವು. ಮೂರೇ ಸಿಲಿಂಡರಿನವು. ಅದರಲ್ಲಿ ಒಂದು ಕೆಲಸ ತಪ್ಪಿಸಿತೆಂದರೆ ಗಾಡಿ ನಡುಗುತ್ತದೆ, ಏರಿನಲ್ಲಿ ಉಸಿರು ಕಟ್ಟುತ್ತದೆ, ಸಿಗ್ನಲ್ಲಿನಲ್ಲಿ ನಿಂತುಬಿಡುತ್ತದೆ. ಇದಕ್ಕೆ ನಾವೆಲ್ಲ ಮಿಸ್ಸಿಂಗ್ ಅನ್ನುತ್ತೇವೆ. ಕಾಕಾ ಇದನ್ನು ಏಕಾದಶಿ ಅನ್ನುತ್ತಿದ್ದರು. "ಮೂರು ಮಂದಿ ದುಡಿಯೋ ಮನಿ ಇದು. ಒಬ್ಬಾಂವ ಏಕಾದಶಿ ಮಾಡ್ಲಿಕತ್ತಾನ. ಯಾರಂತ ನೋಡೋಣು ತಡಿ." ಎಂಜಿನ್ ಚಾಲೂ ಇಡಿಸಿ, ಇಕ್ಕಳದಿಂದ ಒಂದೊಂದೇ ಪ್ಲಗ್ಗಿನ ವೈರು ಎತ್ತುತ್ತಿದ್ದರು. ಎತ್ತಿದಾಗ ಎಂಜಿನ್ನಿನ ಸಪ್ಪಳ ಕುಗ್ಗಿದರೆ ಆ ಸಿಲಿಂಡರು ದುಡಿಯುತ್ತಿದೆ ಎಂದರ್ಥ. ಎತ್ತಿದರೂ ಏನೂ ಬದಲಾಗದಿದ್ದರೆ ಉಪವಾಸದ ಆಸಾಮಿ ಅದೇ. ಒಮ್ಮೊಮ್ಮೆ ಅದೂ ಇಲ್ಲ. ಚಹಾದ ಬಶಿಯಲ್ಲಿ ನೀರು ತರಿಸಿ, ಹೊಗೆ ಹೋಗುವ ಮೂರೂ ಕೊಳವೆಗಳ ಮೇಲೆ ಬೆರಳಿನಿಂದ ಒಂದೊಂದು ಹನಿ ಹಾಕುತ್ತಿದ್ದರು. ಎರಡರ ಮೇಲೆ ಚುಂಯ್ ಅನ್ನುತ್ತಿತ್ತು. ಮೂರನೆಯದರ ಮೇಲೆ ಹನಿ ಸುಮ್ಮನೆ ಕೂತಿರುತ್ತಿತ್ತು. "ಒಲಿನ ಹಚ್ಚಿಲ್ಲ ಇಂವ," ಅನ್ನುತ್ತಿದ್ದರು. ಆ ಹೊತ್ತಿಗೆ ನಾನಾಗಿದ್ದರೆ ಮೂರೂ ಪ್ಲಗ್ಗು ಬಿಚ್ಚಿ ಹೊಸವನ್ನು ತರಲು ಚೀಟಿ ಬರೆದಿರುತ್ತಿದ್ದೆ.

ಬಾನೆಟ್ ಎತ್ತುವುದಕ್ಕೆ ಮೊದಲು ಅವರು ಪ್ರಶ್ನೆ ಕೇಳುತ್ತಿದ್ದರು. ಯಾವಾಗ ಕುಂಟುತ್ತದೆ? ಬೆಳಿಗ್ಗೆಯೋ, ಬಿಸಿಯಾದ ಮೇಲೋ? ಏರಿನಲ್ಲೋ, ನಿಂತಾಗಲೋ? ಹೋದ ವಾರ ಏನು ಮಾಡಿಸಿದಿರಿ, ಯಾರು ತೊಳೆದರು, ಎಲ್ಲಿ ನಿಲ್ಲಿಸುತ್ತೀರಿ, ಅಲ್ಲಿ ಇಲಿ ಇವೆಯೇ? ಗಿರಾಕಿ ಬೇಸತ್ತು "ಮೊದಲ ನೋಡ್ರಿ ಕಾಕಾ" ಅಂದರೆ, "ನೋಡ್ಲಿಕತ್ತೀನಲ್ಲಪಾ" ಅನ್ನುತ್ತಿದ್ದರು. ಕಡೆಗೆ ಸೀಳಿದ ಪೈಪಿಗೆ ಟ್ಯೂಬಿನ ತುಂಡು ಸುತ್ತುವುದೋ, ಒಂದಕ್ಕೊಂದು ತಾಗುವ ವೈರುಗಳನ್ನು ಬಿಡಿಸಿ ಕಟ್ಟುವುದೋ, ಪ್ಲಗ್ಗಿನ ಬಾಯಿ ಉಜ್ಜಿ ಸರಿಮಾಡುವುದೋ, ಇಂಥದ್ದೇ ಏನಾದರೂ ಆಗಿರುತ್ತಿತ್ತು ರಿಪೇರಿ. ನನ್ನ ಬಳಿ ಸ್ಕ್ಯಾನರ್ ಇತ್ತು, ಸಾಲ ಮಾಡಿ ತಂದದ್ದು. ಹೊಸ ಗಾಡಿಗೆ ಚುಚ್ಚಿದರೆ ರೋಗದ ನಂಬರನ್ನೇ ತೋರಿಸುತ್ತದೆ. ಈ ಹಳೇ ಕಾರುಗಳಿಗೆ ಅದನ್ನು ಚುಚ್ಚಲು ಜಾಗವೇ ಇಲ್ಲ.

ಎಲ್ಲಕ್ಕಿಂತ ನನ್ನ ಹೊಟ್ಟೆ ಉರಿಸಿದ್ದು ಅವರ ಕಂಬಳಿ. ಆಣೆಕಟ್ಟಿನ ಕೆಲಸದ ಕಾಲದಲ್ಲಿ ಕುರುಬನೊಬ್ಬ ಕೊಟ್ಟ ಕರಿ ಕಂಬಳಿಯಂತೆ. ಯಾವುದಕ್ಕೂ ಬಗ್ಗದ ಗಾಡಿ ಬಂದರೆ, ಸುಡುವ ಹಗಲಿನಲ್ಲೇ, ಓಡುತ್ತಿರುವ ಎಂಜಿನ್ನಿನ ಮೇಲೆ ಬಗ್ಗಿ ತಲೆ ತುಂಬ ಆ ಕಂಬಳಿ ಹೊದ್ದುಬಿಡುತ್ತಿದ್ದರು. ಫ್ಯಾನಿಗೆ ಸಿಗದ ಹಾಗೆ ಅಂಚುಗಳನ್ನು ಒತ್ತಿ ಹಿಡಿಯುತ್ತಿದ್ದರು. ಹೊರಗೆ ಕಾಣುವುದು ಧೋತರ ಮತ್ತು ಎರಡು ಕಾಲು ಮಾತ್ರ. ಹಗಲಿನ ಬೆಳಕಿನಲ್ಲಿ ಕಾಣದ ಕಿಡಿ ಕಂಬಳಿಯ ಕತ್ತಲೆಯಲ್ಲಿ ಕಾಣುತ್ತದೆ. ಕರೆಂಟು ಎಲ್ಲಿ ಸೋರುತ್ತಿದೆಯೋ ಅಲ್ಲಿ ನೀಲಿಯಾಗಿ ಹಾರುತ್ತದೆ. ನೋಡಲು ಜನ ಸೇರುತ್ತಿದ್ದರು. ಬಸ್ಸಿಗೆ ಹೊರಟವರೂ ನಿಲ್ಲುತ್ತಿದ್ದರು. ಬೆವರಿನಲ್ಲಿ ತೊಯ್ದು, ಅಂಗಾರವೆಲ್ಲ ಕರಗಿ ಮೂಗಿಗೆ ಇಳಿದ ಮುಖ ಹೊರಗೆ ತೆಗೆದು ಅವರು "ಸಿಕ್ಕಾ" ಎಂದರೆ ಮಂದಿಗೆ ಖುಷಿಯೋ ಖುಷಿ. ನನಗೆ ಅದೆಲ್ಲ ಆಟ ಕಟ್ಟಿದ ಹಾಗೆ ಕಾಣುತ್ತಿತ್ತು. ಸತ್ತರೂ ನಾನು ಕಂಬಳಿ ಹೊದೆಯುವುದಿಲ್ಲ ಎಂದು ಹೆಂಡತಿಯ ಮುಂದೆ ಹೇಳಿದ್ದೆ. ಬದಲಿಗೆ ಔಷಧ ಅಂಗಡಿಯಿಂದ ಡಾಕ್ಟರರು ಎದೆಗೆ ಇಟ್ಟು ನೋಡುವ ಸ್ಟೆತಾಸ್ಕೋಪು ತಂದು, ಬಾಗಿಲು ಮುಂದೆ ಮಾಡಿಕೊಂಡು ಎಂಜಿನ್ನಿನ ಮೇಲೆ ಇಟ್ಟು ಕೇಳಿದೆ. ಊಟಕ್ಕೆ ಕರೆಯಲು ಬಂದ ಹೆಂಡತಿ ನೋಡಿ, "ಏನ್ರಿ, ಜ್ವರ ಬಂದಾವೇನು ಅದಕ್ಕ?" ಎಂದಳು. ಮತ್ತೆ ಅದನ್ನು ಮುಟ್ಟಲಿಲ್ಲ.

ಇನ್ನು ಹೇಳಬೇಕಾದದ್ದಕ್ಕೆ ಬರುತ್ತೇನೆ.

ಗ್ಯಾರೇಜು ತೆರೆದ ಮೊದಲ ವರ್ಷದ ಮಹಾನವಮಿ. ಆಯುಧಪೂಜೆಗೆ ನಮ್ಮ ಕಡೆ ಖಂಡೇಪೂಜೆ ಅನ್ನುತ್ತಾರೆ. ಗಿರಾಕಿಗಳು ಗಾಡಿ ತೊಳೆದು ತಂದು ಸಾಲಾಗಿ ನಿಲ್ಲಿಸಿದ್ದರು. ಎಲ್ಲರೂ ಮಾಡುವ ಹಾಗೆ ನಿಂಬೆಹಣ್ಣು, ಹಾರ ಮುಗಿಸಿ ಬಿಟ್ಟರೆ ನನ್ನ ಹೆಸರು ಹೇಗೆ ಮೇಲೆ ಬರಬೇಕು? ನಾನು ಬಾನೆಟ್ ಎತ್ತಿ ಒಳಗೂ ಪೂಜೆ ಮಾಡಿದೆ. ಹಳೇ ಕಾರುಗಳಲ್ಲಿ ಪ್ಲಗ್ಗುಗಳಿಗೆ ಕರೆಂಟು ಹಂಚುವ ಒಂದು ಕರಿ ಟೊಪ್ಪಿಗೆ ಇರುತ್ತದೆ. ಅದರ ತಲೆಯಿಂದಲೇ ಮೂರೂ ಪ್ಲಗ್ಗುಗಳ ವೈರು ಹೊರಡುತ್ತವೆ. ಗುಂಡಗೆ, ಕರ್ರಗೆ ಇರುವ ಅದು ನನ್ನ ಕಣ್ಣಿಗೆ ಲಿಂಗದ ಹಾಗೆಯೇ ಕಂಡಿತು. ವಿಭೂತಿಯನ್ನು ನೀರಲ್ಲಿ ಕಲಸಿ, ದಪ್ಪಗೆ, ಮೂರು ಬೆರಳಿನಿಂದ ಅದರ ಮೇಲೆ ಎಳೆದೆ. ಗೊಳಸಂಗಿಯ ನಿವೃತ್ತ ಹೆಡ್ ಮಾಸ್ತರರೊಬ್ಬರು ತಮ್ಮ ಕಾರಿನ ಪಕ್ಕ ನಿಂತು ಕೈಮುಗಿದರು. "ಇಂಥಾ ಪೂಜಿ ನಾ ಯಾ ಗ್ಯಾರೇಜಿನ್ಯಾಗೂ ನೋಡಿಲ್ಲಪಾ," ಎಂದರು. ಆ ಮಾತಿಗೆ ನಾನು ಒಂದು ವಾರ ಉಬ್ಬಿಕೊಂಡಿದ್ದೆ.

ವಾರದ ಮೇಲೆ ತುಂತುರು ಮಳೆ ಹಿಡಿಯಿತು. ಮಾಸ್ತರರ ಕಾರು ಬೆಳಿಗ್ಗೆ ಬೆಳಿಗ್ಗೆ ಕುಂಟುತ್ತ ನನ್ನ ಹತ್ತಿರ ಬಂತು. ನಾನು ಪ್ಲಗ್ಗು ಬದಲಿಸಿದೆ. ಅಷ್ಟೊತ್ತಿಗೆ ಬಿಸಿಲು ಬಂದು ಗಾಡಿ ಸರಿಯಾಯಿತು. ಮರುದಿನ ಬೆಳಿಗ್ಗೆ ಮತ್ತೆ ಕುಂಟು. ವೈರು ಬದಲಿಸಿದೆ. ಮಧ್ಯಾಹ್ನ ಸರಿ, ಮರುದಿನ ಬೆಳಿಗ್ಗೆ ಮತ್ತೆ ಅದೇ. ಕರಿ ಟೊಪ್ಪಿಗೆಯನ್ನೂ ಬಿಚ್ಚಿ ನೋಡಿದೆ. ಹೊರಗಿನ ವಿಭೂತಿ ಅಳಿಸದ ಹಾಗೆ ಅಂಚು ಹಿಡಿದು, ಒಳಗಷ್ಟೇ ಉಜ್ಜಿ, ಹುಷಾರಾಗಿ ಮತ್ತೆ ಕೂಡಿಸಿದೆ. ಪೂಜೆ ಮಾಡಿದ್ದನ್ನು ಯಾರಾದರೂ ಒರೆಸುತ್ತಾರೆಯೇ? ನಾಲ್ಕನೆಯ ದಿನ ಸೋತು, "ವಾಲ್ವು ಹೋಗ್ಯಾವ್ರಿ ಸರ್, ಎಂಜಿನ್ನಿನ ಹೆಡ್ ಇಳಿಸಬೇಕು," ಎಂದೆ. ಮಾಸ್ತರರು ತಲೆಯಾಡಿಸಿ ಹೋದರು. ಮರುದಿನ ಮುಂಜಾನೆ ಅವರ ಕಾರು ಕುಂಟುತ್ತ ನನ್ನ ಬಾಗಿಲು ದಾಟಿ ಬೇವಿನ ಗಿಡದ ಬುಡಕ್ಕೆ ಹೋಗಿ ನಿಂತಿತು. ಕಂಬಳಿ ಮೇಲೆ ಹೋಯಿತು, ಕೆಳಗೆ ಬಂತು. ಇಪ್ಪತ್ತು ನಿಮಿಷವೂ ಆಗಿರಲಿಲ್ಲ.

ಮಾಸ್ತರರು ಒಳ್ಳೆಯವರು, ವಾಪಸ್ಸು ಹೋಗುವಾಗ ನನಗೆ ಹೇಳಿ ಹೋಗಲು ನಿಂತರು. "ತಂಪು ಹಿಡದಿತ್ತಂತಪಾ. ಒರಸಿದ್ರು, ಆತು. ಹೆಡ್ ಗಿಡ್ ಏನೂ ಬ್ಯಾಡಂತ." ನಾನು ಬಾನೆಟ್ ಎತ್ತಿದೆ. ಕರಿ ಟೊಪ್ಪಿಗೆ ಫಳಫಳ ಹೊಳೆಯುತ್ತಿತ್ತು. ನನ್ನ ವಿಭೂತಿ ಅದರ ಮೇಲೆ ಇರಲಿಲ್ಲ. ನಾನು ನಾಲ್ಕು ದಿನ ಹುಡುಕಿ ಸಿಗದದ್ದು ಕಾಕಾನಿಗೆ ಸಿಕ್ಕಿತಲ್ಲ ಎಂಬ ಉರಿ ನಾಲಿಗೆಗೆ ಬಂತು. "ನೋಡ್ರಿ ಸರ್, ಪೂಜಿ ಮಾಡಿದ ವಿಭೂತಿ ಒರಸ್ಯಾರ. ಅಂಗಾರ ಹಚ್ಚವ್ರಿಗೆ ನಮ್ಮ ವಿಭೂತಿ ಕಣ್ಣಿಗೆ ಬಿದ್ರ ಆಗೂದಿಲ್ಲ."

ಹೇಳುವಾಗಲೇ ನನಗೆ ಅದು ಸುಳ್ಳು ಅನ್ನಿಸಿತ್ತು. ಆದರೆ ಮಾಸ್ತರರ ಮುಖ ಬಾಡಿದ್ದು ಕಂಡಿತು. ಮಾತು ನಾಟಿತ್ತು. ಬಸವಣ್ಣನ ಊರಿನಲ್ಲಿ ವಿಭೂತಿಯ ಮಾತು ನಾಟದೆ ಇರುತ್ತದೆಯೇ? ನಾಟುತ್ತದೆ ಎಂದು ಗೊತ್ತಾದ ಮೇಲೆ ಇನ್ನೂ ನಾಲ್ಕು ಜನರ ಮುಂದೆ ಅದನ್ನೇ ಹೇಳಿದೆ. ಸ್ವಲ್ಪ ದಿನ ಗಿಡದ ಬುಡದಲ್ಲಿ ಗಾಡಿಗಳು ಕಡಿಮೆಯಾದವು. ಮಾಸ್ತರರು ನನ್ನ ಕಾಯಂ ಗಿರಾಕಿಯಾದರು. ಅದು ನನ್ನ ಕೈಗುಣ ಎಂದೇ ನಾನು ತಿಳಿದುಕೊಂಡೆ, ಅಥವಾ ತಿಳಿದುಕೊಳ್ಳಲು ಇಷ್ಟಪಟ್ಟೆ.

ಅಷ್ಟಾದರೂ ನನ್ನ ಹೊಟ್ಟೆ ತಣ್ಣಗಾಗಲಿಲ್ಲ. ಆ ಚಳಿಗಾಲ ಮುದ್ದೇಬಿಹಾಳದ ನನ್ನ ಸೋದರಮಾವನ ಮಗ ಹಳೇ ಕಾರು ತಂದಿದ್ದ. ಕರೆಂಟು ದಾಟಬಾರದೆಂದು ಒಂದು ಪ್ಲಗ್ಗಿನ ವೈರಿನ ತುದಿಯ ಹಿತ್ತಾಳೆಗೆ ಹೆಂಡತಿಯ ನೇಲ್ ಪಾಲಿಶ್ ಎರಡು ಸಲ ಬಳಿದು, ಒಣಗಿಸಿ, ಒಳಗೆ ಸೇರಿಸಿ, ಅವನನ್ನು ಕಾಕಾನ ಕಡೆಗೆ ಕಳಿಸಿದೆ. ನೋಡೋಣ ಈಗ ಹೇಗೆ ಹಿಡಿಯುತ್ತಾರೆ ಎಂದು ಬಾಗಿಲಲ್ಲಿ ನಿಂತೆ. ಚಹಾ ಕುಡಿಯುವಷ್ಟು ಹೊತ್ತಿನಲ್ಲಿ ಅವನು ವಾಪಸ್ಸು ಬಂದ, ಗಾಡಿ ಸರಿ ಓಡುತ್ತಿತ್ತು. "ಕಾಕಾ ನಿನಗ ಹೇಳಂದ್ರು," ಅಂದ. "ಬಣ್ಣ ಛಲೋ ಅದ ಅಂತ. ಇನ್ನೊಮ್ಮೆ ಹಚ್ಚೋವಾಗ ಮನ್ಯಾಗ ಕೇಳಿ ಹಚ್ಚು ಅಂತ." ಊರ ಮುಂದೆ ಅದನ್ನು ಹೇಳಿ ನನ್ನ ಮಾನ ಕಳೆಯಬಹುದಿತ್ತು. ಹೇಳಲಿಲ್ಲ. ಅವರು ಹೇಳದೆ ಇದ್ದದ್ದಕ್ಕೂ ನನಗೆ ಸಿಟ್ಟೇ ಬಂತು.

ಮುಂದಿನ ಖಂಡೇಪೂಜೆಗೆ ಕರೆಯದೆಯೇ ಬಂದರು. ಮಡಿ ಧೋತರ ಉಟ್ಟು, ಗಾಡಿಗಳ ನಡುವೆ ನಡೆದು ಬಂದು, "ವಿಭೂತಿ ಎಲ್ಲದ ತಮ್ಮಾ? ಇವತ್ತ ನಾ ಹಚ್ತೀನಿ," ಎಂದರು. ನಾನು ಬಟ್ಟಲು ಕೊಟ್ಟೆ. ಅಂಗಾರ ಹಚ್ಚಿಕೊಂಡ ಮನುಷ್ಯ ಒಂದೊಂದು ಗಾಡಿಯ ಬಾನೆಟ್ಟಿನ ಮೇಲೂ ಮೂರು ಬೆರಳಿನಿಂದ ಒಪ್ಪವಾಗಿ ವಿಭೂತಿ ಎಳೆದರು. ಎಲ್ಲರೂ ನೋಡಿದರು. ನಾನು ಹಬ್ಬಿಸಿದ ಮಾತು ಅವತ್ತು ಅಲ್ಲೇ ಸತ್ತಿತು. ಮಾಸ್ತರರು ಮಾತ್ರ ತಮ್ಮ ಕಾರಿಗೆ ಅವರು ಹಚ್ಚುವಾಗ ಹಾರ ಸರಿಮಾಡುವ ನೆಪದಲ್ಲಿ ಆ ಕಡೆ ತಿರುಗಿ ನಿಂತರು. ನಾನು ಒಳಗಿನ ಪೂಜೆಗೆ ಅವರ ಬಾನೆಟ್ ಎತ್ತಲು ಹೋದೆ. ಕಾಕಾ ಅದರ ಮೇಲೆ ಅಂಗೈ ಊರಿದರು. "ಹಣಿಗೆ ಹಚ್ಚಿದ್ದ ಸಾಕು ತಮ್ಮಾ. ಹೊಟ್ಟಿಗೆ ಬ್ಯಾಡ." ಸುತ್ತಲಿನವರು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ನನ್ನ ಗ್ಯಾರೇಜು, ನನ್ನ ಗಿರಾಕಿಗಳು, ನನ್ನ ಪೂಜೆ. ಅದನ್ನೂ ಕಿತ್ತುಕೊಳ್ಳಲು ಬಂದರಲ್ಲ ಎಂದುಕೊಂಡೆ.

ಆಮೇಲೆ ಪ್ರತಿ ವರ್ಷವೂ ಬಂದರು. ಒಂದು ವರ್ಷ ಕಾಲು ಬಾತು ನಡೆಯಲಾಗದಿದ್ದಾಗ ಆಟೋ ಮಾಡಿಕೊಂಡು ಬಂದರು. ಬೇರೆ ಯಾವ ಗ್ಯಾರೇಜಿಗೂ ಹೋಗುತ್ತಿರಲಿಲ್ಲ. ವಿಭೂತಿ ಹಚ್ಚುವುದು, ಬಾನೆಟ್ಟಿನ ಮೇಲೆ ಅಂಗೈ ಊರುವುದು, ಅದೇ ಮಾತು. ಪ್ರಸಾದದ ಚುರಮುರಿ ತಿಂದು ಹೋಗುವುದು. ನನ್ನ ಗಿರಾಕಿಗಳಿಗೆ ಮುಖ ತೋರಿಸಲೆಂದೇ ಬರುತ್ತಾರೆ ಎಂದು ನಾನು ಹೆಂಡತಿಗೆ ಹೇಳುತ್ತಿದ್ದೆ. "ಮುಖಾ ತೋರ್ಸಿದ್ರ ಏನಾತು, ಹಿರೇ ಮನಶ್ಯಾ," ಎನ್ನುತ್ತಿದ್ದಳು. ನನ್ನ ಮನೆಯಲ್ಲೂ ಅವರದೇ ಪಾರ್ಟಿ.

ಈ ವರ್ಷ ಶ್ರಾವಣದಲ್ಲಿ ತೀರಿಕೊಂಡರು. ಮಹಾನವಮಿ ಬಂತು. ಗಾಡಿಗಳು ಸಾಲಾಗಿ ನಿಂತವು. ಅಂಗೈ ಊರುವವರು ಯಾರೂ ಇರಲಿಲ್ಲ. ನಾನು ಎಲ್ಲ ಬಾನೆಟ್ಟುಗಳನ್ನೂ ಎತ್ತಿದೆ. ಕರಿ ಟೊಪ್ಪಿಗೆ ಇರುವ ಹಳೇ ಗಾಡಿ ಈಗ ಒಂದೇ ಉಳಿದಿತ್ತು, ಮಾಸ್ತರರದು. ಅದರ ಮೇಲೆ ಮನಸಾರೆ, ದಪ್ಪಗೆ, ಮೂರು ಬೆರಳು ಎಳೆದೆ. ಕೊನೆಗೂ ನನ್ನ ಪೂಜೆ ನನಗೆ ವಾಪಸ್ಸು ಬಂತು ಅನ್ನಿಸಿತು.

ಎಂಟು ದಿನಕ್ಕೆ ತುಂತುರು ಹಿಡಿಯಿತು. ಮಾಸ್ತರರ ಕಾರು ಬೆಳಿಗ್ಗೆ ಕುಂಟುತ್ತ ಬಂತು.

ಪ್ಲಗ್ಗು ಹೊಸವೇ ಇದ್ದವು. ಒಂದರ ಜಾಗಕ್ಕೆ ಇನ್ನೊಂದು ಹಾಕಿದೆ, ಕುಂಟು ಜಾಗ ಬಿಡಲಿಲ್ಲ. ವೈರು ಅದಲುಬದಲು ಮಾಡಿದೆ, ಬಿಡಲಿಲ್ಲ. ಉಪವಾಸ ಕೂತದ್ದು ಎರಡನೆಯದೇ. ಮಾಸ್ತರರು ಸ್ಟೇರಿಂಗಿನ ಹಿಂದೆ ಕೂತು ನೋಡುತ್ತಿದ್ದರು. "ಕಾಕಾ ಇದ್ದಿದ್ರ ಕಂಬಳಿ ಹೊದಿತಿದ್ರು," ಎಂದರು, ಯಾರಿಗೂ ಅಲ್ಲ ಎಂಬಂತೆ. ಅವರ ಹಿಂದಿನ ಸೀಟಿನ ಮೇಲೆ ಹಾಸಿದ್ದ ಕಂಬಳಿ ನನ್ನ ಕಣ್ಣಿಗೆ ಬಿತ್ತು. ಸಿಟ್ಟಿನಲ್ಲೇ ಅದನ್ನು ಎಳೆದುಕೊಂಡೆ. "ಚಾಲೂ ಇರಲಿ ಸರ್," ಎಂದು ಹೇಳಿ ತಲೆ ತುಂಬ ಹೊದ್ದು ಬಗ್ಗಿದೆ.

ಒಳಗೆ ಪೆಟ್ರೋಲಿನ ವಾಸನೆ, ಉಣ್ಣೆಯ ವಾಸನೆ, ಸೆಕೆ. ಮೊದಲು ಏನೂ ಕಾಣಲಿಲ್ಲ. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ಕಂಡಿತು. ಕರಿ ಟೊಪ್ಪಿಗೆಯ ಮೇಲೆ, ಎರಡನೆಯ ವೈರಿನ ಬುಡದಿಂದ ಮೂರನೆಯದರ ಬುಡಕ್ಕೆ, ನೀಲಿ ಕಿಡಿ ಒಂದೇ ಸಮನೆ ಓಡುತ್ತಿತ್ತು. ಅಡ್ಡಾದಿಡ್ಡಿ ಅಲ್ಲ. ನನ್ನ ನಡುಬೆರಳು ಎಳೆದ ವಿಭೂತಿಯ ಗೆರೆ ಹಿಡಿದು, ಈ ತುದಿಯಿಂದ ಆ ತುದಿಗೆ. ಬೂದಿ ಮಳೆಯ ತಂಪು ಕುಡಿದು ಒದ್ದೆಯಾಗಿ ಕರೆಂಟಿಗೆ ದಾರಿಯಾಗಿತ್ತು. ಬಿಸಿಲು ಏರಿದರೆ ಒಣಗಿ ದಾರಿ ಮುಚ್ಚುತ್ತಿತ್ತು.

ಕಂಬಳಿಯೊಳಗೆ ನಾನು ಬಹಳ ಹೊತ್ತು ಇದ್ದೆ. ಏಳು ವರ್ಷದ ಹಿಂದೆ ಕಾಕಾ ಇದೇ ಗೆರೆಯನ್ನು ನೋಡಿದ್ದರು. ಯಾರ ಬೆರಳೆಂದು ಅವರಿಗೆ ಗೊತ್ತಿತ್ತು. ಹೊರಗೆ ಬಂದು "ತಂಪು ಹಿಡದದ" ಎಂದಿದ್ದರು. ವಿಭೂತಿ ಯಾಕೆ ಒರೆಸಿದಿರಿ ಎಂದು ಊರು ಮುಖ ತಿರುಗಿಸಿದಾಗ, ಕಾರಣ ಹೇಳಬೇಕೆಂದರೆ ಹೊಸ ಮೆಕ್ಯಾನಿಕನ ಹೆಸರು ಹೇಳಬೇಕಾಗುತ್ತಿತ್ತು. ಹೇಳಲಿಲ್ಲ. ವರ್ಷ ವರ್ಷ ಬಂದು ಬಾನೆಟ್ಟಿನ ಮೇಲೆ ಅಂಗೈ ಊರಿದರು, ಬಾತ ಕಾಲು ಎಳೆದುಕೊಂಡು ಆಟೋದಲ್ಲಿ ಬಂದು ಊರಿದರು. ನಾನು ಅದನ್ನು ಏನೆಂದು ತಿಳಿದಿದ್ದೆ ಎಂದು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತವೆ.

ತಲೆ ಹೊರಗೆ ತೆಗೆದೆ. ಮಾಸ್ತರರು ಕೇಳಿದರು: "ಏನೈತಿ? ತಂಪು ಹಿಡದೈತೇನು?"

ಉತ್ತರವನ್ನು ಅವರೇ ಕೈಗೆ ಕೊಟ್ಟಿದ್ದರು. ಹೂಂ ಅಂದಿದ್ದರೆ ಮುಗಿಯುತ್ತಿತ್ತು. ನಿಜ ಹೇಳಿದ್ದು ನನ್ನ ದೊಡ್ಡತನದಿಂದ ಅಲ್ಲ. ಕಾಕಾ ಸತ್ತ ಮೇಲೂ ಅವರ ಸುಳ್ಳಿನ ಆಸರೆಯಲ್ಲಿ ನಾನು ನಿಂತಿರಬೇಕೇ ಎಂಬ ಉರಿಯಿಂದ ಹೇಳಿದೆ. ಅವರಿಗೆ ಬಾಯಿ ಮುಚ್ಚಿಕೊಳ್ಳಲು ಬಂದಿತ್ತು. ಬಾಯಿ ಬಿಡುವ ಕೆಲಸ ನನ್ನೊಬ್ಬನಿಂದಲೇ ಆಗುವಂಥದ್ದು. ಒಂದರಲ್ಲಾದರೂ ನಾನು ಅವರಿಗಿಂತ ಮುಂದೆ ಹೋಗಬೇಕಿತ್ತು.

"ವಿಭೂತಿ ರೀ ಸರ್. ನಾನ ಹಚ್ಚಿದ್ದು. ಆ ವರ್ಷನೂ ನಂದ ತಪ್ಪು. ಕಾಕಾ ಒರಸಿದ್ದು ಗಾಡಿ ಸಲುವಾಗಿ. ನಾ ನಿಮಗ ಹೇಳಿದ್ದು ಸುಳ್ಳು."

ಮಾಸ್ತರರು ಎಂಜಿನ್ ಬಂದ್ ಮಾಡಿದರು. "ನಾ ಅವತ್ತಿನಿಂದ ಅವ್ರ ಗಿಡದ ಬುಡಕ ಹೋಗೇ ಇಲ್ಲಪಾ," ಎಂದರು. "ಎದುರ ಬಂದ್ರ ನಮಸ್ಕಾರನೂ ಮಾಡಿಲ್ಲ. ಏಳು ವರ್ಷ." ನನ್ನನ್ನು ಬೈದಿದ್ದರೂ ನಡೆಯುತ್ತಿತ್ತು.

ನಾನು ಹೆಗಲ ಮೇಲಿನ ಅರಿವೆಯಿಂದ ಟೊಪ್ಪಿಗೆಯನ್ನು ಒರೆಸಿದೆ. ಒಂದು ಸಲ ಹಸಿ ಅರಿವೆ, ಎರಡು ಸಲ ಒಣ ಅರಿವೆ. ಮಾಸ್ತರರು ಚಾವಿ ತಿರುಗಿಸಿದರು. ಮೂರೂ ಸಿಲಿಂಡರು ಒಟ್ಟಿಗೆ ಎದ್ದವು. ಕಾರು ಗೇಟು ದಾಟಿತು. ಅವರ ಊರು ಗೊಳಸಂಗಿಗೆ ಬಲಕ್ಕೆ ತಿರುಗಬೇಕು. ಅವರು ಎಡಕ್ಕೆ ತಿರುಗಿಸಿ, ಮುದ್ದೇಬಿಹಾಳ ರಸ್ತೆ ಹಿಡಿದು, ಬೇವಿನ ಗಿಡದ ಕೆಳಗೆ ಹೋಗಿ ನಿಲ್ಲಿಸಿದರು. ಇಳಿದರು. ತುಂತುರಿನಲ್ಲೇ ಆ ಹಾಸುಗಲ್ಲಿನ ಮೇಲೆ ಒಂದು ಬದಿಗೆ ಕೂತರು, ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗ ಬಿಟ್ಟು.

ಮಾಸ್ತರರ ಕಂಬಳಿ ನನ್ನ ಕೈಯಲ್ಲೇ ಉಳಿದಿತ್ತು. ಅದನ್ನು ಕೊಡುವ ನೆಪದಲ್ಲಿ ನಾನೂ ಅಲ್ಲಿಗೆ ಹೋಗಬಹುದಿತ್ತು. ಹೋಗಲಿಲ್ಲ. ಬಾಗಿಲಲ್ಲಿ ನಿಂತು ನೋಡಿದೆ. ಗಾಡಿಗೆ ಏನೂ ಆಗಿರಲಿಲ್ಲ, ರಿಪೇರಿ ಮಾಡುವವರು ಅಲ್ಲಿ ಇರಲೂ ಇಲ್ಲ. ಆದರೂ ನನ್ನ ಗಿರಾಕಿ ನನ್ನ ಗ್ಯಾರೇಜು ಬಿಟ್ಟು ಕಾಕಾನ ಕಡೆಗೇ ಹೋಗಿದ್ದರು. ನನಗೆ ಹೊಟ್ಟೆ ಉರಿಯಿತು.